ನೆಟ್‌ವರ್ಕ್ ಕಡಿದಾಗ ಹಾಜರಿ ಯಾರ ಹೊಣೆ?

ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ 2025ರ ಸೆಪ್ಟೆಂಬರ್ 22ರಂದು ಆರಂಭವಾದಾಗ ಮೊದಲ ದಿನಗಳಲ್ಲಿ ಹಲವೆಡೆ ಕೇಳಿಬಂದದ್ದು ಒಂದೇ ಬಗೆಯ ದೂರು: ಆ್ಯಪ್ ತೆರೆಯುತ್ತಿಲ್ಲ, ಸರ್ವರ್ ಸ್ಪಂದಿಸುತ್ತಿಲ್ಲ, ನೆಟ್‌ವರ್ಕ್ ಸಿಗುತ್ತಿಲ್ಲ. ಎರಡು ವಾರಗಳ ನಂತರ, ಅಕ್ಟೋಬರ್ 7ರಂದು, ಅವಧಿ ವಿಸ್ತರಣೆಯನ್ನು ಪ್ರಕಟಿಸಿದ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಕೊಪ್ಪಳ ಜಿಲ್ಲೆಯಲ್ಲಿ ಶೇ 97ರಷ್ಟು ಸಮೀಕ್ಷೆ ಮುಗಿದಿದೆ ಎಂದು ತಿಳಿಸಿದರು. ಕರಾವಳಿಯ ಜಿಲ್ಲೆಗಳು ಆಗ ಬಹಳ ಹಿಂದಿದ್ದವು. ಮನೆಮನೆ ಅಲೆದ ಶಿಕ್ಷಕರಿಗೆ ಈ ಶ್ರೇಯ ಸಲ್ಲಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸಮೀಕ್ಷೆ ಕೆಲವು ವಾರಗಳ ಕೆಲಸ. ಕೂಲಿಯ ಹಾಜರಿ, ಬೆಳೆಯ ದಾಖಲೆಗಳಂಥ ನಿತ್ಯದ ಆಡಳಿತವೇ ಈಗ ಆ್ಯಪ್‌ಗಳ ಮೇಲೆ ನಿಂತಿದೆ. ಸಂಪರ್ಕ ಕಡಿದ ಗಳಿಗೆಯನ್ನು ಆ ಆ್ಯಪ್ ಹೇಗೆ ಗುರುತಿಸುತ್ತದೆ ಎಂಬುದು ತಂತ್ರಜ್ಞರಿಗೆ ಮಾತ್ರ ಸಂಬಂಧಿಸಿದ ಸಂಗತಿಯಾಗಿ ಉಳಿದಿಲ್ಲ.

ಗಂಗಾವತಿಯದು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಬಯಲು. ಅದರ ಅಂಚಿನಲ್ಲೇ ಆನೆಗೊಂದಿಯ ಬಂಡೆಗಲ್ಲಿನ ಬೆಟ್ಟಸಾಲು. ಕುಷ್ಟಗಿ, ಯಲಬುರ್ಗಾಗಳದು ಬಹುಪಾಲು ಮಳೆಯನ್ನೇ ನಂಬಿದ ಎರೆ ಮತ್ತು ಮಸಾರಿ ಭೂಮಿ. ಬೆಟ್ಟದ ಮರೆ, ಹಳ್ಳದ ತಗ್ಗು, ಟವರಿನಿಂದ ದೂರ, ಇವು ಮೂರೂ ರೇಡಿಯೋ ತರಂಗಗಳಿಗೆ ಅಡ್ಡಿ. ಊರ ಅಗಸೆಯಲ್ಲಿ ಸಿಗುವ ಸಂಪರ್ಕ ಹೊಲದ ಬದುವಿನಲ್ಲಿಯೂ ಸಿಕ್ಕೀತೆಂಬ ಭರವಸೆಯಿಲ್ಲ. ಆದರೆ ಆ್ಯಪ್ ಬಳಸಬೇಕಾದದ್ದು ಬದುವಿನಲ್ಲಿ, ಕೆರೆಯಂಗಳದಲ್ಲಿ.

ಉದ್ಯೋಗ ಖಾತ್ರಿಯ ಹಾಜರಿಯನ್ನೇ ಗಮನಿಸಬಹುದು. 2021ರಲ್ಲಿ ಬಂದ ಎನ್‌ಎಂಎಂಎಸ್ ಆ್ಯಪನ್ನು ಕೇಂದ್ರ ಸರ್ಕಾರ 2023ರ ಜನವರಿ 1ರಿಂದ ವೈಯಕ್ತಿಕ ಕಾಮಗಾರಿಗಳನ್ನುಳಿದು ಎಲ್ಲೆಡೆ ಕಡ್ಡಾಯಗೊಳಿಸಿತು. ಸ್ಥಳ ಮತ್ತು ಸಮಯದ ಗುರುತುಳ್ಳ ಎರಡು ಭಾವಚಿತ್ರಗಳು ಪ್ರತಿದಿನ ಹೋಗಬೇಕಿತ್ತು. ನೆಟ್‌ವರ್ಕ್ ಇಲ್ಲದೆಡೆ ಚಿತ್ರ ತೆಗೆದಿಟ್ಟು ಬಳಿಕ ಕಳುಹಿಸಬಹುದು ಎಂದು ಕೇಂದ್ರ ಹೇಳುತ್ತ ಬಂದಿತು. ಈ ಏರ್ಪಾಡು ಕೈಕೊಟ್ಟಲ್ಲಿ ನಷ್ಟ ಕೂಲಿಕಾರರದ್ದೇ. 2025–26ರಲ್ಲಿ ಕರ್ನಾಟಕದ ದಿನಗೂಲಿ 370 ರೂಪಾಯಿ. ಬಿಸಿಲಿನಲ್ಲಿ ಹೂಳೆತ್ತಿದ ದಿನ ದಾಖಲೆಯಲ್ಲಿ ಮೂಡದಿದ್ದರೆ ಆ ಹಣವೂ ಇಲ್ಲ. ಊರಲ್ಲೇ ದುಡಿದರೂ ಕೂಲಿ ಖಾತ್ರಿಯಿಲ್ಲ ಎನ್ನಿಸಿದಾಗ ಯಲಬುರ್ಗಾ, ಕುಷ್ಟಗಿಯ ಕುಟುಂಬಗಳಿಗೆ ಉಳಿಯುವ ದಾರಿ ಗುಳೆಯೊಂದೇ.

ತಾಂತ್ರಿಕವಾಗಿ ಇಲ್ಲೊಂದು ಸೂಕ್ಷ್ಮವಿದೆ. ಫೋನಿನ ನೆತ್ತಿಯ ಮೇಲೆ ಕಾಣುವ ಸಿಗ್ನಲ್ ಗೀಟುಗಳು ಟವರಿನ ಸಂಕೇತ ಫೋನಿಗೆ ಎಷ್ಟು ಬಲವಾಗಿ ಸಿಗುತ್ತಿದೆ ಎಂಬುದನ್ನಷ್ಟೇ ಹೇಳುತ್ತವೆ. ಬೆಂಗಳೂರಿನಲ್ಲೋ ದೆಹಲಿಯಲ್ಲೋ ಇರುವ ಸರ್ವರಿಗೆ ಮಾಹಿತಿ ತಲುಪುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಆಂಡ್ರಾಯ್ಡ್ ವ್ಯವಸ್ಥೆ ಈ ಭೇದವನ್ನು ಬಲ್ಲದು: ಸಂಪರ್ಕ ಇದೆ ಎಂಬುದನ್ನೂ, ಅದರ ಮೂಲಕ ಅಂತರ್ಜಾಲ ನಿಜವಾಗಿ ಸಿಗುತ್ತಿದೆ ಎಂದು ಪರೀಕ್ಷಿಸಿರುವುದನ್ನೂ ಆ್ಯಪಿಗೆ ಪ್ರತ್ಯೇಕವಾಗಿ ತಿಳಿಸುತ್ತದೆ. ಹಿಂದೆ ಸಂಪರ್ಕ ಬದಲಾದಾಗಲೆಲ್ಲ ಮುಚ್ಚಿದ ಆ್ಯಪ್‌ಗಳೂ ಎಚ್ಚರಗೊಂಡು ಬ್ಯಾಟರಿ ಕರಗುತ್ತಿತ್ತು. 2016ರ ಆಂಡ್ರಾಯ್ಡ್ 7ರಿಂದ ಇದಕ್ಕೆ ಕಡಿವಾಣ ಬಿತ್ತು. ಈಗ ‘ಸಂಪರ್ಕ ಬಂದಾಗ ಇದನ್ನು ಕಳುಹಿಸು’ ಎಂದು ಕೆಲಸವನ್ನು ಫೋನಿನ ವ್ಯವಸ್ಥೆಗೇ ಒಪ್ಪಿಸಿಡಬಹುದು. ಐಫೋನಿನಲ್ಲಿಯೂ ಸಂಪರ್ಕದ ಬದಲಾವಣೆ ಅರಿಯುವ ಸೌಲಭ್ಯ ಇದೆ. ಅಂದರೆ ಸಾಧನದ ಕೊರತೆಯಿಲ್ಲ. ಅದನ್ನು ಬಳಸಿಯೇ ತೀರಬೇಕೆಂಬ ಷರತ್ತಿನ ಕೊರತೆಯಿದೆ.

ಗೀಟು ಕಂಡೊಡನೆ ಮಾಹಿತಿ ರವಾನಿಸಲು ಹೊರಟು, ವಿಫಲವಾದರೆ ಎಲ್ಲವನ್ನೂ ಅಳಿಸಿ ‘ಮತ್ತೊಮ್ಮೆ ಪ್ರಯತ್ನಿಸಿ’ ಎನ್ನುವ ಆ್ಯಪ್ ಹೊಲಕ್ಕೆ ಯೋಗ್ಯವಲ್ಲ. ದಾಖಲೆ ಮೊದಲು ಫೋನಿನಲ್ಲಿ ಉಳಿಯಬೇಕು, ಆಮೇಲೆ ಸರ್ವರಿಗೆ ಹೋಗಬೇಕು. ಕಳುಹಿಸಿದ ಹೊತ್ತಲ್ಲ, ಕೆಲಸ ನಡೆದ ಹೊತ್ತು ಲೆಕ್ಕಕ್ಕೆ ಬರಬೇಕು. ಒಂದೇ ಹಾಜರಿ ಎರಡು ಬಾರಿ ತಲುಪಿದರೂ ಒಂದೆಂದೇ ಪರಿಗಣಿತವಾಗಲು ಪ್ರತಿ ದಾಖಲೆಗೂ ಪ್ರತ್ಯೇಕ ಸಂಖ್ಯೆ ಬೇಕು. ‘ಉಳಿದಿದೆ, ಇನ್ನೂ ತಲುಪಿಲ್ಲ’ ಎಂಬ ಮಾತು ಕನ್ನಡದಲ್ಲಿ ಕಾಣಬೇಕು. ರಾಜ್ಯದ ಬೆಳೆ ಸಮೀಕ್ಷೆಯ ಆ್ಯಪ್ 2020ರಿಂದ ರೈತರ ಕೈಗೂ ಬಂದಿದೆ. ಗ್ರಾಮದ ನಕ್ಷೆಯನ್ನು ಮೊದಲೇ ಇಳಿಸಿಕೊಂಡು ಹೊಲದಲ್ಲಿ ಚಿತ್ರ ತೆಗೆದು, ನೆಟ್‌ವರ್ಕ್ ಇರುವಲ್ಲಿ ಕಳುಹಿಸುವ ಅದರ ಕ್ರಮ ಸರಿಯಾದ ಹಾದಿಯನ್ನೇ ತೋರುತ್ತದೆ. ಸ್ಥಳ ಗುರುತಿಸುವ ಜಿಪಿಎಸ್ ಉಪಗ್ರಹಗಳನ್ನು ಅವಲಂಬಿಸಿರುವುದರಿಂದ ಟವರ್ ಇಲ್ಲದೆಡೆಯೂ ಕೆಲಸ ಮಾಡುತ್ತದೆ.

ಆಫ್‌ಲೈನ್ ಅವಕಾಶ ನೀಡಿದರೆ ವಂಚನೆ ಹೆಚ್ಚುತ್ತದೆ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಎನ್‌ಎಂಎಂಎಸ್ ದುರ್ಬಳಕೆ ಕುರಿತು ಕೇಂದ್ರ ಸರ್ಕಾರವೇ 2025ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆ ಪಟ್ಟಿ ಮಾಡಿದ್ದು ಸಂಬಂಧವಿಲ್ಲದ ಚಿತ್ರಗಳು, ಚಿತ್ರದಿಂದ ತೆಗೆದ ಚಿತ್ರಗಳು, ಒಂದೇ ಚಿತ್ರ ಹಲವು ಹಾಜರಿ ಪಟ್ಟಿಗಳಲ್ಲಿ ಕಾಣಿಸಿಕೊಂಡದ್ದು ಮುಂತಾದ ಲೋಪಗಳನ್ನು. ಇಂಥವನ್ನು ತಡೆಯಬಲ್ಲದ್ದು ಪರಿಶೀಲನೆಯೇ ಹೊರತು ನೆಟ್‌ವರ್ಕ್ ಅಲ್ಲ. ಕಳ್ಳನನ್ನು ಹಿಡಿಯಲಾಗದ ಬಲೆ ಕೂಲಿಕಾರನನ್ನು ಹಿಡಿಯಬಾರದು.

2025ರ ಡಿಸೆಂಬರಿನಲ್ಲಿ ಸಂಸತ್ತು ನರೇಗಾ ಬದಲಿಗೆ ಅಂಗೀಕರಿಸಿದ ವಿಬಿ–ಜಿ ರಾಮ್ ಜಿ ಕಾಯ್ದೆ 125 ದಿನಗಳ ಕೆಲಸದ ಭರವಸೆಯೊಂದಿಗೆ ಡಿಜಿಟಲ್ ಮೇಲ್ವಿಚಾರಣೆಗೆ ಇನ್ನಷ್ಟು ಒತ್ತು ನೀಡಿದೆ. ಆದ್ದರಿಂದ ಪ್ರಶ್ನೆ ಹಳೆಯದಾಗಿಲ್ಲ, ಹಿಗ್ಗಿದೆ. ಸರ್ಕಾರಿ ಆ್ಯಪನ್ನು ಒಪ್ಪಿಕೊಳ್ಳುವ ಮುನ್ನ ಯಲಬುರ್ಗಾದ ಒಂದು ಕೆರೆಯಂಗಳದಲ್ಲಿ, ಸಂಪರ್ಕ ಬಂದು ಹೋಗುವ ಸ್ಥಿತಿಯಲ್ಲಿ, ಇಡೀ ದಿನ ಪರೀಕ್ಷಿಸಬೇಕೆಂಬ ಒಂದು ಷರತ್ತನ್ನು ಟೆಂಡರಿಗೆ ಸೇರಿಸುವುದು ದೊಡ್ಡ ವೆಚ್ಚದ ಬಾಬತ್ತಲ್ಲ. ಟವರು ಬರುವವರೆಗೆ ಕಾಯಬಹುದು. ದುಡಿದವರ ಕೂಲಿ ಅಲ್ಲಿಯವರೆಗೆ ಕಾಯುವಂತಿಲ್ಲ.