ಯಾರ ಭಯಕ್ಕೆ ಮದ್ದು?

ಬಡವನನ್ನು ಕಂಡ ಕೂಡಲೇ ಡಾಕ್ಟರು ಆಡುವ ಮಾತೊಂದಿದೆ: 'ನೀವು ಮಾತ್ರೆ ಅರ್ಧಕ್ಕೇ ಬಿಡ್ತೀರಿ, ಅದಕ್ಕೇ ರೋಗಾಣು ಯಾವ ಮದ್ದಿಗೂ ಬಗ್ಗದಂಗಾಗಿದೆ.' ಹೌದು ಸ್ವಾಮಿ, ಬಿಡ್ತೀವಿ. ಜ್ವರ ಇಳಿದ ದಿನವೇ ಕೂಲಿಗೆ ಹೋಗೋರು ನಾವು. ಉಳಿದ ಮಾತ್ರೆ ಕೊಳ್ಳೋ ಕಾಸಲ್ಲಿ ಅಕ್ಕಿ ಬರುತ್ತೆ.

ಆದರೆ ಇದನ್ನೂ ಕೇಳಿ. ಹೈದರಾಬಾದಿನ ಹತ್ತಿರ ಪಟಾನ್‌ಚೆರು ಅಂತಿದೆ. ಅಲ್ಲಿನ ಔಷಧಿ ಕಾರ್ಖಾನೆಗಳ ಕೊಳೆನೀರನ್ನು ಶುದ್ಧಿ ಮಾಡಿ ಹೊರಗೆ ಬಿಡುವ ನೀರನ್ನೇ ಸ್ವೀಡನ್ನಿನ ವಿಜ್ಞಾನಿಗಳು ಪರೀಕ್ಷಿಸಿ, 2007ರಲ್ಲಿ ಲೆಕ್ಕ ಕೊಟ್ಟರು. ಲೀಟರಿಗೆ 31 ಮಿಲಿಗ್ರಾಂವರೆಗೂ ಸಿಪ್ರೋಫ್ಲಾಕ್ಸಸಿನ್! ಅಂಥ ನೀರಲ್ಲಿ ಬದುಕಿ ಉಳಿದ ರೋಗಾಣು ಆ ಮದ್ದಿಗೆ ಪಳಗಿರುತ್ತೆ. ಮಾತ್ರೆ ಬಿಟ್ಟವನು ಅಪರಾಧಿ. ಹಳ್ಳಕ್ಕೆ ಮದ್ದು ಹರಿಸಿದವನು ಉದ್ಯಮಿ!

ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಅಂದಾಜಿದೆ. ಆಸ್ಪತ್ರೆಯ ಕೀವು-ರಕ್ತ ತೊಳೆಯೋರು, ಅದರ ಚರಂಡಿ ಬಳಿಯೋರು ಯಾವ ಕೇರಿಯವರು ಅಂತ ಬಿಡಿಸಿ ಹೇಳಬೇಕೆ?

ಇದಕ್ಕೆ ದಾರಿ ಇಲ್ಲದಿಲ್ಲ. ಅದೇ ಆಂಟಿಬಾಡಿ, ಅಂದರೆ ರೋಗದ ವಿರುದ್ಧ ನಮ್ಮ ರಕ್ತವೇ ಹುಟ್ಟಿಸುವ ಕಾವಲು. 1890ರಲ್ಲೇ ಬರ್ಲಿನ್ನಿನಲ್ಲಿ ಬೆಹ್ರಿಂಗ್, ಕಿಟಸಾಟೊ ಎಂಬಿಬ್ಬರು ಇದನ್ನು ತೋರಿಸಿಕೊಟ್ಟರು: ಧನುರ್ವಾಯುವನ್ನು ತಡೆದುಕೊಂಡ ಪ್ರಾಣಿಯ ಸೀರಮ್ ಇನ್ನೊಂದು ಪ್ರಾಣಿಯನ್ನೂ ಕಾಪಾಡುತ್ತೆ. ಪೆನಿಸಿಲಿನ್ ಬಂದ ಮೇಲೆ ಈ ದಾರಿ ಬಹುಪಾಲು ಮೂಲೆಗೆ ಬಿತ್ತು. ಈಗ ಮತ್ತೆ ಬೇಕಾಗಿದೆ. ಆಂಟಿಬಯೋಟಿಕ್ ರೋಗಾಣುವನ್ನು ಹೊಡೆಯುತ್ತೆ. ಆಂಟಿಬಾಡಿ ಅದು ಕಕ್ಕಿದ ವಿಷವನ್ನು ಹಿಡಿದು ಕಟ್ಟುತ್ತೆ, ಇಲ್ಲವೇ ರೋಗಾಣುವಿನ ಮೈಗೆ ಅಂಟಿಕೊಂಡು ಬಿಳಿ ರಕ್ತಕಣಗಳಿಗೆ ಅದರ ಗುರುತು ಹೇಳುತ್ತೆ. ಇದೇನು ಮಂತ್ರದಂಡ ಅಲ್ಲ. ಒಂದೊಂದು ರೋಗಾಣುವಿಗೂ ಬೇರೆ ಬೇರೆ ಬೇಕು, ಪ್ರಯೋಗದಲ್ಲಿ ಸೋತವೂ ಇವೆ. ಆಂಟಿಬಯೋಟಿಕ್ ಜೊತೆಗೆ ನಿಲ್ಲುವ ಎರಡನೇ ಆಳು, ಅಷ್ಟೆ.

ಆದರೆ ಈ ಆಳು ಯಾರ ಮನೆ ಕಾಯ್ತಿದಾನೆ? ನೆರಡಿ ರೋಗ ನೋಡಿ, ಇಂಗ್ಲಿಷಿನವರ ಆಂಥ್ರಾಕ್ಸ್. ಸತ್ತ ದನ ಹೊತ್ತವರಿಗೆ, ಚರ್ಮ ಸುಲಿದವರಿಗೆ, ಉಣ್ಣೆ ಕತ್ತರಿಸಿದವರಿಗೆ ತಲೆತಲಾಂತರದಿಂದ ಅಂಟಿದ ರೋಗ. ಆಗ ಇದು ಯಾರ ನಿದ್ದೆಯನ್ನೂ ಕೆಡಿಸಲಿಲ್ಲ. 2001ರಲ್ಲಿ ಅಮೆರಿಕದಲ್ಲಿ ಅಂಚೆ ಲಕೋಟೆಗಳಲ್ಲಿ ಅದರ ಪುಡಿ ಬಂತು, ಐದು ಜನ ಸತ್ತರು. ಆಮೇಲೆ ಸರ್ಕಾರದ ಹಣ ಹರಿಯಿತು. 2012ರಲ್ಲಿ ರಾಕ್ಸಿಬಾಕುಮ್ಯಾಬ್ ಎಂಬ ಆಂಟಿಬಾಡಿಗೆ ಅಲ್ಲಿ ಒಪ್ಪಿಗೆ ಸಿಕ್ಕಿತು, ಆಂಟಿಬಯೋಟಿಕ್ ಜೊತೆಗೇ ಕೊಡಬೇಕೆಂದು. ಸಾವಿರಾರು ಡೋಸು ಸರ್ಕಾರದ ಗೋದಾಮು ಸೇರಿತು. ನಮ್ಮವರಿಗೆ ಬರುವ ಚರ್ಮದ ನೆರಡಿಗೆ ಆಂಟಿಬಯೋಟಿಕ್ಕೇ ಸಾಕು, ನಿಜ. ನನ್ನ ಮಾತು ಬೇರೆ: ಉಳ್ಳವರು ಹೆದರಿದಾಗ ವಿಜ್ಞಾನ ಓಡುತ್ತೆ. ಸುಲಿಯುವವನು ಸತ್ತಾಗ ಅದಕ್ಕೆ ಕಾಲೇ ಬರಲ್ಲ.

ಗಿರಾಕಿ ಸಾಲದೆ ಹೋದರೆ? ಬೆಜ್ಲೊಟಾಕ್ಸುಮ್ಯಾಬ್ ಎಂಬ ಇನ್ನೊಂದು ಆಂಟಿಬಾಡಿಗೆ 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತ್ತು. ಆಂಟಿಬಯೋಟಿಕ್ ಜೊತೆ ಕೊಟ್ಟಾಗ, ಒಂದು ಬಗೆಯ ಕರುಳಿನ ಸೋಂಕು ಮರುಕಳಿಸುವುದು 100ರಲ್ಲಿ 27ರಷ್ಟಿದ್ದದ್ದು 17ಕ್ಕೆ ಇಳಿಯಿತು. 2025ರ ಜನವರಿಗೆ ಮೆರ್ಕ್ ಕಂಪನಿ ಅದರ ಮಾರಾಟವನ್ನೇ ನಿಲ್ಲಿಸಿತು. ವ್ಯಾಪಾರದ ತೀರ್ಮಾನವಂತೆ.

ನಮ್ಮಲ್ಲಿ ಆಗಲ್ಲ ಅನ್ನೋರು ಕೇಳಲಿ. ಹುಚ್ಚುನಾಯಿ ಕಡಿತಕ್ಕೆ ಆಂಟಿಬಾಡಿ ಪುಣೆಯಲ್ಲಿ ತಯಾರಾಗ್ತಿದೆ. ಕ್ಯಾನ್ಸರಿನದು ಬೆಂಗಳೂರಲ್ಲೇ ತಯಾರಾಗುತ್ತೆ. ಕೈಗೆ ಕಸುಬು ಗೊತ್ತಿದೆ. ಆದರೆ ಅದು ಖಾಸಗಿಯವರ ಕೈಯಲ್ಲಿದೆ.

ಮೊದಲು ಶುದ್ಧ ನೀರು, ಕಕ್ಕಸು ಕೊಡಿ ಅಂತೀರಾ? ಅದನ್ನೂ ಕೊಡಿ. ಒಂದನ್ನು ತೋರಿಸಿ ಇನ್ನೊಂದನ್ನು ಕಸಿಯೋ ಆಟ ನಮಗೆ ಹಳೇದು.

1981ರಲ್ಲಿ ಶುರುವಾದ ಕರ್ನಾಟಕ ಆಂಟಿಬಯೋಟಿಕ್ಸ್ ಜನರ ದುಡ್ಡಿನ ಕಾರ್ಖಾನೆ. ಅಲ್ಲೇಕೆ ಆಂಟಿಬಾಡಿ ತಯಾರಾಗಬಾರದು? ಸರ್ಕಾರಿ ಆಸ್ಪತ್ರೆಯ ಕೂಸುಗಳನ್ನು ಕೊಲ್ಲುವ ರೋಗಾಣುಗಳಿಂದಲೇ ಏಕೆ ಶುರುಮಾಡಬಾರದು? ಇದು ಭಿಕ್ಷೆಯ ಅರ್ಜಿಯಲ್ಲ. ಚರಂಡಿಗೆ ಇಳಿದವರು ತಮ್ಮ ಪಾಲು ಕೇಳ್ತಿದಾರೆ. ಉತ್ತರ ಕೊಡಿ.