ಆರದ ಕೆಂಪು ದೀಪ

ಹಿಂದಿನ ತಿಂಗಳು ನಮ್ಮ ಅಳಿಯಂದಿರು ಮಗಳನ್ನೂ ಮೊಮ್ಮಗುವನ್ನೂ ಮೋಟಾರಿನಲ್ಲಿ ಕರೆತಂದರು. ಚಾಲಕನ ಮುಂದೆ, ಏರ್‌ಬ್ಯಾಗಿನ ಗುರುತುಳ್ಳ ಕೆಂಪು ದೀಪವೊಂದು ಆರದೆ ಉರಿಯುತ್ತಿತ್ತು. ಏನೆಂದು ಕೇಳಿದೆವು. “ಎರಡು ತಿಂಗಳಿಂದ ಹಾಗೆಯೇ ಇದೆ ಮಾವನವರೇ, ಗಾಡಿಯೇನೋ ಚೆನ್ನಾಗಿ ಓಡುತ್ತದೆ” ಎಂದರು. ನಾವೂ ಅರಿಯದವರಾಗಿ ಸುಮ್ಮನಾದೆವು. ಆ ಮೌನವು ತಪ್ಪೆಂದು ತಿಳಿದುದರಿಂದ ಇದನ್ನು ಬರೆಯುತ್ತಿದ್ದೇವೆ.

ಢಿಕ್ಕಿಯನ್ನು ಅರಿಯುವ ವೇಗೋತ್ಕರ್ಷಮಾಪಕವು ಉಗುರಿಗಿಂತ ಚಿಕ್ಕದಾದ ಸಿಲಿಕಾನ್ ಬಿಲ್ಲೆ. ಅಮೆರಿಕದ ಅನಲಾಗ್ ಡಿವೈಸಸ್ ಸಂಸ್ಥೆಯು 1990ರ ದಶಕದ ಮೊದಲ ವರ್ಷಗಳಲ್ಲಿ ಹೊರತಂದ ಎಡಿಎಕ್ಸ್‌ಎಲ್50 ಎಂಬುದು ಇವುಗಳಲ್ಲಿ ಪ್ರಸಿದ್ಧವಾದುದು. ಭೂಗುರುತ್ವದ 50ರಷ್ಟನ್ನು ಅದು ಅಳೆಯಬಲ್ಲುದಾಗಿತ್ತು.

ಇದರ ನಿರ್ಮಾಣಕ್ರಮ ಹೀಗೆ. ಬಿಲ್ಲೆಯ ಮೇಲೆ ಮೊದಲು ಆಕ್ಸೈಡಿನ ಪದರ, ಅದರ ಮೇಲೆ 2 ಮೈಕ್ರಾನ್, ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಎರಡು ಭಾಗ ದಪ್ಪದ ಸಿಲಿಕಾನ್ ಪದರ. ಇದನ್ನು ಬಾಚಣಿಗೆಯಂತೆ ಕೊರೆದು, ಕೆಳಗಣ ಆಕ್ಸೈಡನ್ನು ಆಮ್ಲದಿಂದ ಕರಗಿಸುವರು. ಕಮಾನು ಕಟ್ಟಿದವನು ಮರದ ಆಸರೆಯನ್ನು ಕೊನೆಗೆ ತೆಗೆದಂತೆ. ಆಗ ಬಾಚಣಿಗೆಯು ಸಣ್ಣ ತೊಲೆಗಳ ಮೇಲೆ ತೂಗಾಡುವುದು. ಒಣಗಿಸುವಾಗ ಎಚ್ಚರ ತಪ್ಪಿದರೆ, ನೆನೆದ ಪುಸ್ತಕದ ಹಾಳೆಗಳಂತೆ ಅದು ನೆಲಕ್ಕೆ ಅಂಟಿಬಿಡುವುದು.

ಢಿಕ್ಕಿಯಲ್ಲಿ ಗಾಡಿ ನಿಂತರೂ ಈ ಬಾಚಣಿಗೆ ಮುಂದಕ್ಕೆ ಸರಿಯುತ್ತದೆ. ಬಸ್ಸು ತಟ್ಟನೆ ನಿಂತಾಗ ನಾವು ಮುಗ್ಗರಿಸುವುದಿಲ್ಲವೇ? ಅದರ ಹಲ್ಲುಗಳಿಗೂ ಪಕ್ಕದ ಸ್ಥಿರವಾದ ಹಲ್ಲುಗಳಿಗೂ ನಡುವಣ ಅಂತರ ಬದಲಾಗಿ, ವಿದ್ಯುದ್ಧಾರಣಶಕ್ತಿಯು ಅತ್ಯಲ್ಪವಾಗಿ ವ್ಯತ್ಯಾಸಹೊಂದುತ್ತದೆ. ಇದನ್ನು ತಂತಿಯಲ್ಲಿ ದೂರ ಒಯ್ದರೆ ತಂತಿಯ ಸ್ವಂತ ಧಾರಣಶಕ್ತಿಯಲ್ಲೇ ಮುಳುಗಿಹೋದೀತು. ಆದಕಾರಣ ಅದನ್ನು ಓದುವ ಎಲೆಕ್ಟ್ರಾನಿಕ್ ಮಂಡಲವನ್ನೂ ಅದೇ ಬಿಲ್ಲೆಯ ಮೇಲೆ ರಚಿಸಿದರು. ಜ್ಞಾನೇಂದ್ರಿಯದ ಮಗ್ಗುಲಲ್ಲೇ ಮನಸ್ಸನ್ನು ಇರಿಸಿದಂತಾಯಿತು. ಇದು ಸುಲಭವಲ್ಲ; ಬಾಚಣಿಗೆಯನ್ನು ಹದಗೊಳಿಸುವ ಶಾಖವು ಟ್ರಾನ್ಸಿಸ್ಟರುಗಳನ್ನು ಕೆಡಿಸಬಲ್ಲುದು.

ಇನ್ನೊಂದು ವಿಶೇಷವುಂಟು. ವಿದ್ಯುದಾಕರ್ಷಣೆಯಿಂದ ಮಂಡಲವು ಆ ಬಾಚಣಿಗೆಯನ್ನು ತಾನೇ ಎಳೆದು, ಎಳೆದುದು ತನಗೆ ತಿಳಿಯಿತೇ ಎಂದು ನೋಡಿಕೊಳ್ಳುತ್ತದೆ. ಆ ಗಳಿಗೆಯಲ್ಲಿ ಜ್ಞಾನೇಂದ್ರಿಯವೇ ಕರ್ಮೇಂದ್ರಿಯವೂ ಆಯಿತು! ಗಾಡಿಯನ್ನು ಹೊರಡಿಸಿದಾಗ ಕೆಂಪು ದೀಪ ಕೆಲವು ಕ್ಷಣ ಉರಿಯುವುದು ಇಂತಹ ಪರೀಕ್ಷೆಗಳ ಕಾಲದಲ್ಲಿಯೇ. ಆಮೇಲೂ ಆರದಿದ್ದರೆ ಮಾಪಕದಲ್ಲೋ ತಂತಿಯಲ್ಲೋ ಚೀಲದಲ್ಲೋ ದೋಷವಿದೆಯೆಂದು ಅರ್ಥ. ಆಪತ್ತಿನಲ್ಲಿ ಚೀಲವು ಬಿಚ್ಚಿಕೊಳ್ಳದೆ ಹೋಗಬಹುದು.

ಇಷ್ಟು ತಿಳಿದೊಡನೆ ಅಳಿಯಂದಿರಿಗೆ ಫೋನು ಮಾಡಿದೆವು. ತೋರಿಸಿದಾಗ, ಆಸನದ ಕೆಳಗಣ ತಂತಿಯ ಕೂಡಿಕೆ ಸಡಿಲವಾಗಿತ್ತಂತೆ. ಸರಿಪಡಿಸಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಎರಡು ತಿಂಗಳು ಆ ಮಗು ಅದೇ ಗಾಡಿಯಲ್ಲಿ ಓಡಾಡಿತ್ತೆಂಬುದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ. ಮನೆಯಲ್ಲಿ ಮೋಟಾರು ಇಟ್ಟಿರುವ ವಾಚಕರು ನಾಳೆ ಹೊರಡುವಾಗ ಆ ದೀಪವು ಆರುವವರೆಗೆ ನೋಡಬೇಕೆಂದು ಬೇಡುತ್ತೇವೆ.