ಸಮುವೇಲನು ನಿಲ್ಲಿಸಿದ ಕಲ್ಲು

ಪರೀಕ್ಷೆಯ ಫಲಿತಾಂಶ ಪ್ರಕಟವಾದ ವಾರದಲ್ಲಿ ನಮ್ಮ ಶಾಲೆಗೆ ಬರುವ ಪತ್ರಗಳಲ್ಲಿಯೂ ಸ್ತೋತ್ರದ ಕಾಣಿಕೆಯ ಲಕೋಟೆಗಳ ಮೇಲೆಯೂ ಒಂದೇ ಮಾತು ಮತ್ತೆ ಮತ್ತೆ ಕಾಣಬರುವುದುಂಟು: ಮಗಳು ಉತ್ತಮ ಶ್ರೇಣಿಯಲ್ಲಿ ತೇರ್ಗಡೆಯಾದಳು, ದೇವರು ನಂಬಿಗಸ್ತನು. ಹೀಗೆ ಬರೆಯುವ ತಂದೆತಾಯಿಗಳ ಭಕ್ತಿಯನ್ನು ನಾನು ಹಗುರವಾಗಿ ಎಣಿಸುವವಳಲ್ಲ. ಗುಣಹೊಂದಿದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಹಿಂದಿರುಗಿ ಬಂದವನು ಒಬ್ಬನೇ, ಅವನೂ ಸಮಾರ್ಯದವನು, ಎಂಬುದನ್ನು ಬಲ್ಲವರು ಉಪಕಾರಸ್ತುತಿ ಮಾಡುವ ಯಾರನ್ನೂ ತಡೆಯಲಾರರು. ಆದರೆ ಅದೇ ವಾರದ ಪ್ರಾರ್ಥನೆಯಲ್ಲಿ, ಹಿಂದಿನ ಬೆಂಚಿನಲ್ಲಿ, ತೇರ್ಗಡೆಯಾಗದ ಹುಡುಗಿಯೊಬ್ಬಳು ತಲೆತಗ್ಗಿಸಿ ಕುಳಿತಿರುತ್ತಾಳಷ್ಟೆ. ಆಕೆ ಈ ಮಾತಿನಿಂದ ಏನನ್ನು ತಿಳಿದುಕೊಳ್ಳಬೇಕು? ದೇವರು ತನ್ನೊಬ್ಬಳ ವಿಷಯದಲ್ಲಿ ಮಾತು ತಪ್ಪಿದನೆಂದೇ?

ದೇವರ ನಂಬಿಗಸ್ತಿಕೆಯನ್ನು ಸ್ಮರಿಸುವುದು ಬೇರೆ, ನಮಗೆ ಒದಗಿದ ಅನುಕೂಲಗಳನ್ನು ಎಣಿಸುವುದು ಬೇರೆ ಎಂಬುದೇ ನನ್ನ ಅಭಿಪ್ರಾಯ. ಸಮುವೇಲನು ಮಿಚ್ಪಕ್ಕೂ ಶೇನಿಗೂ ನಡುವೆ ಕಲ್ಲನ್ನು ನಿಲ್ಲಿಸಿ ಅದಕ್ಕೆ ಎಬೆನೆಜೆರ್ ಎಂದು ಹೆಸರಿಟ್ಟ ಸಂಗತಿಯನ್ನು ನಮ್ಮಲ್ಲಿ ಕಲಿತವರೆಲ್ಲರೂ ಬಲ್ಲರು. ಅಂದು ಫಿಲಿಷ್ಟಿಯರು ಸೋತರೆಂಬುದೂ ಅವರಿಗೆ ನೆನಪಿರಬಹುದು. ಆದರೆ ಅದೇ ಪುಸ್ತಕದ ನಾಲ್ಕನೆಯ ಅಧ್ಯಾಯದಲ್ಲಿ ಇದೇ ಹೆಸರಿನ ಸ್ಥಳದಲ್ಲಿ ಇಸ್ರಾಯೇಲ್ಯರು ದಂಡಿಳಿಸಿದ್ದರು. ಅಲ್ಲಿ ಅವರಿಗಾದದ್ದು ಸೋಲು. ಮೂವತ್ತು ಸಾವಿರ ಕಾಲಾಳುಗಳು ಬಿದ್ದರು, ಏಲಿಯ ಇಬ್ಬರು ಮಕ್ಕಳು ಹತರಾದರು, ಒಡಂಬಡಿಕೆಯ ಮಂಜೂಷವೇ ಶತ್ರುಗಳ ಕೈಸೇರಿತು. ಸಮುವೇಲನು ಆ ಹೆಸರನ್ನು ಮರೆಮಾಡಲಿಲ್ಲ. ಜಯದ ಕಲ್ಲಿಗೆ ಅದನ್ನೇ ಇಟ್ಟನು. ಇಲ್ಲಿಯ ವರೆಗೆ ಎಂದು ಅವನು ಹೇಳಿದಾಗ ಕೇಳುತ್ತಿದ್ದ ಮುದುಕರ ಮನಸ್ಸಿಗೆ ಸೋತ ದಿನವೂ ಬಂದಿರಲೇಬೇಕು.

ಧರ್ಮೋಪದೇಶಕಾಂಡದ ಇಪ್ಪತ್ತಾರನೆಯ ಅಧ್ಯಾಯದಲ್ಲಿ ಪ್ರಥಮಫಲದ ಪುಟ್ಟಿಯನ್ನು ತರುವ ಒಕ್ಕಲಿಗನ ಪ್ರಾರ್ಥನೆಯೂ ಇಂಥದೇ. ಈ ವರುಷ ಮಳೆ ಚೆನ್ನಾಯಿತು, ಪೈರು ಚೆನ್ನಾಯಿತು ಎಂದು ಅವನು ಆರಂಭಿಸುವುದಿಲ್ಲ. ಗತಿಯಿಲ್ಲದೆ ಅಲೆದ ಮೂಲಪುರುಷನಿಂದ ಆರಂಭಿಸಿ, ಐಗುಪ್ತದ ದಾಸತ್ವವನ್ನು ಹೇಳಿ, ಕಡೆಯಲ್ಲಿ ತನ್ನ ಪುಟ್ಟಿಗೆ ಬರುತ್ತಾನೆ. ತಾನು ಐಗುಪ್ತವನ್ನು ಕಣ್ಣಿನಿಂದ ಕಂಡವನಲ್ಲವಾದರೂ "ನಮ್ಮನ್ನು" ಎಂದೇ ಹೇಳುತ್ತಾನೆ. ಅದಾದ ಮೇಲೆ ಲೇವಿಯನನ್ನೂ ಪರದೇಶಿಯನ್ನೂ ಕೂಡಿಕೊಂಡು ಸಂತೋಷಪಡಬೇಕೆಂಬ ಅಪ್ಪಣೆಯುಂಟು. (ನಮ್ಮ ಸ್ತೋತ್ರದ ಊಟಗಳಿಗೆ ಯಾರು ಯಾರಿಗೆ ಕರೆಹೋಗುತ್ತದೆಂಬುದನ್ನು ಇಲ್ಲಿ ವಿವರಿಸುವುದು ಬೇಡ.)

ಈ "ನಮ್ಮನ್ನು" ಎಂಬ ಮಾತು ನಮ್ಮ ನಾಡಿನ ಕ್ರೈಸ್ತ ಸಭೆಗಳಿಗೂ ಬೇಕಾದದ್ದು. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದುದನ್ನೂ, 1843ರ "ಮಂಗಳೂರ ಸಮಾಚಾರ"ವನ್ನೂ, 1894ರ ಕಿಟ್ಟೆಲರ ನಿಘಂಟನ್ನೂ ನಾವು ಅಭಿಮಾನದಿಂದ ನೆನೆಯುತ್ತೇವೆ. 1914ನ್ನು ನೆನೆಯುವುದು ಅಪರೂಪ. ಆ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳು ಬಂಧನದ ಶಿಬಿರಗಳಿಗೆ ಒಯ್ಯಲ್ಪಟ್ಟರು, ಹೆಂಚಿನ ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿದವು. ಸಭೆಗಳು ಉಳಿದವು, ಈ ನಾಡಿನ ಸಭಾಪಾಲಕರೂ ಉಪಾಧ್ಯಾಯರೂ ಅವುಗಳ ಭಾರವನ್ನು ಹೊತ್ತರು. ನಿಘಂಟಿಗಿಂತಲೂ ಇದರಲ್ಲಿ ದೇವರ ಹಸ್ತ ನನಗೆ ಸ್ಪಷ್ಟವಾಗಿ ಕಾಣುತ್ತದೆ.

ದುಃಖಿತರ ಬಾಯಿಂದ ಸ್ತೋತ್ರವನ್ನು ಬಲವಂತವಾಗಿ ಹೊರಡಿಸಬೇಕೆಂದು ನಾನು ಹೇಳುತ್ತಿಲ್ಲ. ಮಗುವನ್ನು ಕಳೆದುಕೊಂಡ ತಾಯಿಯ ಬಳಿಗೆ ಹೋಗಿ ಉಪಕಾರಗಳನ್ನು ಎಣಿಸು ಎಂದು ಬೋಧಿಸುವುದು ಕ್ರೂರತನ. ಪ್ರಲಾಪಗಳ ಗ್ರಂಥದಲ್ಲಿ ದೇವರ ಕೃಪೆ ಮುಂಜಾನೆ ಮುಂಜಾನೆ ಹೊಸದಾಗುವುದೆಂಬ ಮಾತು ಮೂರನೆಯ ಅಧ್ಯಾಯದ ನಡುವೆ ಬರುತ್ತದೆ. ಅದಕ್ಕೆ ಮೊದಲು ಎರಡು ಅಧ್ಯಾಯಗಳಷ್ಟು ಅಳುವುಂಟು, ಬಳಿಕವೂ ಅಳುವುಂಟು. ಜರ್ಮನ್ ಭಾಷೆಯ ಪ್ರಸಿದ್ಧವಾದ ಉಪಕಾರಸ್ತುತಿಯ ಹಾಡನ್ನು ರಚಿಸಿದ ಮಾರ್ಟಿನ್ ರಿಂಕಾರ್ಟರು 1637ರ ಮಾರಿಬೇನೆಯಲ್ಲಿ ಐಲೆನ್‌ಬುರ್ಗ್ ಪಟ್ಟಣದ ಸಾವಿರಾರು ಜನರನ್ನು ಮಣ್ಣುಮಾಡಿದರು. ಅವರ ಪತ್ನಿಯೂ ಆ ವರುಷವೇ ತೀರಿಕೊಂಡರು. ಅಂಥವರ ಹಾಡನ್ನು ಬರಿಯ ಹಬ್ಬದ ಹಾಡೆಂದು ತಿಳಿಯಲಾಗದು.

ಆದಕಾರಣ ಶಾಲೆಯ ಸ್ತೋತ್ರದ ಆರಾಧನೆಯಲ್ಲಿ ಅಂಕಗಳನ್ನು ಓದುವ ಪದ್ಧತಿಯನ್ನು ನಿಲ್ಲಿಸಬೇಕೆಂಬುದು ನನ್ನ ಸೂಚನೆ. ಬಹುಮಾನ ವಿತರಣೆಗೆ ಬೇರೆ ದಿನವುಂಟು. ಅಂದು ಬೇಕಾದಷ್ಟು ಚಪ್ಪಾಳೆಯಾಗಲಿ. ಸ್ತೋತ್ರದ ದಿನ ಹಳೆಯ ವಿದ್ಯಾರ್ಥಿನಿಯೊಬ್ಬಳು ನಿಂತು ತನ್ನ ಬಾಳಿನ ಒಂದು ಕಠಿಣ ವರುಷವನ್ನೂ, ಆಗ ತನಗೆ ಅನ್ನವನ್ನೋ ಧೈರ್ಯವನ್ನೋ ಕೊಟ್ಟವರನ್ನೂ ಹೆಸರು ಹೇಳಿ ನೆನೆಯಲಿ. ಅಂದಿನ ಕಾಣಿಕೆ ವಿದ್ಯಾರ್ಥಿನಿಲಯದ ಬಡ ಹುಡುಗಿಯರ ಶುಲ್ಕಕ್ಕೆ ಸಲ್ಲಲಿ. ಬರಲಾಗದವರು ಒಂದು ಪುಟದಷ್ಟು ಬರೆದು ಕಚೇರಿಗೆ ಕಳುಹಿಸಿಕೊಟ್ಟರೆ ಕಾಪಾಡಿ ಇಡುತ್ತೇವೆ. ಎಷ್ಟನೆಯ ಇಸವಿಯಲ್ಲಿ ಕಲಿತಿರೆಂಬುದನ್ನು ದಯವಿಟ್ಟು ಬರೆಯಿರಿ, ಅಂಕಗಳನ್ನು ಬರೆಯಬೇಕಾಗಿಲ್ಲ.